ಹತ್ತರ ಗೆರೆಯ ಕೆಳಗೆ: ಇಎಸ್‌ಐ ಕಾಯ್ದೆಯ 1(5)ನೇ ಉಪಕಲಮಿಗೆ ಒಂದು ವ್ಯಾಖ್ಯಾನ

ತುಮಕೂರಿನ ಬಟವಾಡಿಯಲ್ಲಿ ಬಿ.ಎಚ್. ರಸ್ತೆಯ ಎರಡೂ ಬದಿ ದುಡಿಮೆಯೇ ದುಡಿಮೆ. ಟೈರ್ ಅಂಗಡಿ, ಗ್ಯಾರೇಜು, ಲೇತ್ ಶಾಪು, ಹಾರ್ಡ್‌ವೇರ್, ಬೇಕರಿ, ದರ್ಶಿನಿ, ಒಳಗೆ ಹೋದರೆ ಎಪಿಎಂಸಿ ಯಾರ್ಡಿನ ಮಂಡಿಗಳು. ಒಂದೊಂದು ಕಡೆ ನಾಲ್ಕು ಜನ, ಆರು ಜನ, ಎಂಟು ಜನ. ಹತ್ತು ಮುಟ್ಟುವ ಅಂಗಡಿ ಅಪರೂಪ. ಆ ಹತ್ತು ಎಂಬ ಅಂಕಿಯೇ ಇವರ ಪಾಲಿಗೆ ಗೋಡೆಯಾಗಿದೆ. ಗೋಡೆಯ ಆಚೆ ಇರುವವರಿಗೆ ಇಎಸ್‌ಐ ಇದೆ: ಮನೆಮಂದಿಗೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದ ದಿನಗಳಿಗೆ ಸಂಬಳದ ಪಾಲು, ಹೆರಿಗೆಗೆ ರಜೆ ಮತ್ತು ಹಣ. ಈಚೆ ಇರುವವರಿಗೆ ಮಾಲೀಕರ ದಯೆ, ಇಲ್ಲವೇ ಸಾಲ.

ಈ ಗೋಡೆಯಲ್ಲಿ ಒಂದು ಬಾಗಿಲನ್ನು 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಬರೆದವರೇ ಇಟ್ಟಿದ್ದರು. ಅದು ಮೊದಲ ಕಲಮಿನ ಐದನೇ ಉಪಕಲಮು. ಅದರ ಭಾವವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು:

"ಸಂಬಂಧಪಟ್ಟ ಸರ್ಕಾರವು, ವಿಮಾ ನಿಗಮದೊಡನೆ ಸಮಾಲೋಚಿಸಿ, ಅದು ರಾಜ್ಯ ಸರ್ಕಾರವಾಗಿದ್ದರೆ ಕೇಂದ್ರದ ಒಪ್ಪಿಗೆಯನ್ನೂ ಪಡೆದು, ಒಂದು ತಿಂಗಳು ಮುಂಚೆ ರಾಜ್ಯಪತ್ರದಲ್ಲಿ ತನ್ನ ಉದ್ದೇಶ ತಿಳಿಸಿ, ಈ ಕಾಯ್ದೆಯನ್ನು ಪೂರ್ತಿಯಾಗಲಿ ಅದರ ಕೆಲವು ಭಾಗಗಳನ್ನಾಗಲಿ, ಕೈಗಾರಿಕೆಯ, ವ್ಯಾಪಾರದ, ಕೃಷಿಯ ಅಥವಾ ಇನ್ನಾವುದೇ ಬಗೆಯ ಸಂಸ್ಥೆಗೆ ಅಥವಾ ಸಂಸ್ಥೆಗಳ ವರ್ಗಕ್ಕೆ ವಿಸ್ತರಿಸಬಹುದು."

ಇಷ್ಟೇ ಪಠ್ಯ. ಇದನ್ನು ತುಂಡು ತುಂಡಾಗಿ ಬಿಡಿಸಿ ನೋಡೋಣ.

"ಸಂಬಂಧಪಟ್ಟ ಸರ್ಕಾರವು"

ರೈಲ್ವೆ, ದೊಡ್ಡ ಬಂದರು, ಗಣಿ, ತೈಲ ಬಾವಿ ಮತ್ತು ಕೇಂದ್ರದ ಹತೋಟಿಯ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ. ಉಳಿದ ಎಲ್ಲಕ್ಕೂ ರಾಜ್ಯ ಸರ್ಕಾರ. ಬಟವಾಡಿಯ ಟೈರ್ ಅಂಗಡಿಗೂ ಗುಬ್ಬಿ ಪೇಟೆಯ ಬಟ್ಟೆ ಅಂಗಡಿಗೂ ಕುಣಿಗಲ್ ಬಸ್ ನಿಲ್ದಾಣದ ಎದುರಿನ ಹೋಟೆಲಿಗೂ ಸಂಬಂಧಪಟ್ಟ ಸರ್ಕಾರ ವಿಧಾನಸೌಧದಲ್ಲಿದೆ. ಇಎಸ್‌ಐ ಎಂದರೆ ದೆಹಲಿಯ ವಿಷಯ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯಿಂದ ಈ ಯೋಜನೆ ಹುಟ್ಟಿತು, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಯಿತು ಎಂಬುದೆಲ್ಲ ನಿಜ. ಆದರೆ ಅಂಗಡಿಗಳಿಗೆ ಅದನ್ನು ಹರಡುವ ಕೆಲಸ ರಾಜ್ಯಗಳ ಕೈಯಲ್ಲೇ ಇತ್ತು. ಚಿಕಿತ್ಸೆಯ ವ್ಯವಸ್ಥೆಯೂ ಅಷ್ಟೇ. ಬಹುಪಾಲು ಇಎಸ್‌ಐ ಚಿಕಿತ್ಸಾಲಯಗಳನ್ನು ನಡೆಸುವುದು ರಾಜ್ಯದ ಇಲಾಖೆ. ಖರ್ಚಿನಲ್ಲಿ ಎಂಟನೇ ಏಳು ಪಾಲು ನಿಗಮದ್ದು, ಎಂಟನೇ ಒಂದು ಪಾಲು ರಾಜ್ಯದ್ದು.

"ನಿಗಮದೊಡನೆ ಸಮಾಲೋಚಿಸಿ, ಕೇಂದ್ರದ ಒಪ್ಪಿಗೆ ಪಡೆದು"

ಇದು ಕಡತದ ದಾರಿ. ಆಸ್ಪತ್ರೆ, ವೈದ್ಯರು, ಔಷಧ ಒದಗಿಸಬೇಕಾದವರನ್ನು ಕೇಳದೆ ಜನರನ್ನು ಸೇರಿಸಬಾರದು ಎಂಬುದರಲ್ಲಿ ಅರ್ಥವಿದೆ.

"ಒಂದು ತಿಂಗಳು ಮುಂಚೆ"

ಮೊದಲು ಇಲ್ಲಿ ಆರು ತಿಂಗಳು ಎಂದಿತ್ತು. 2010ರ ತಿದ್ದುಪಡಿ ಅದನ್ನು ಒಂದು ತಿಂಗಳಿಗೆ ಇಳಿಸಿತು. ಅದೇ ತಿದ್ದುಪಡಿ ಕಾರ್ಖಾನೆಯ ಲೆಕ್ಕವನ್ನೂ ಬದಲಿಸಿತು. ಅಲ್ಲಿಯವರೆಗೆ ಕರೆಂಟು ಬಳಸುವ ಕಡೆ ಹತ್ತು ಜನ, ಬಳಸದ ಕಡೆ ಇಪ್ಪತ್ತು ಜನ ಬೇಕಿತ್ತು. ಆಮೇಲೆ ಎಲ್ಲಕ್ಕೂ ಹತ್ತು. ಸಂಸತ್ತು ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು, ಬೇಗ ತೆರೆಯುವಂತೆಯೂ ಮಾಡಿತು.

"ಕೈಗಾರಿಕೆಯ, ವ್ಯಾಪಾರದ, ಕೃಷಿಯ ಅಥವಾ ಇನ್ನಾವುದೇ ಬಗೆಯ ಸಂಸ್ಥೆಗೆ"

ಇಡೀ ಉಪಕಲಮಿನ ಜೀವ ಇಲ್ಲಿದೆ. ಇಲ್ಲಿ ಅಂಕಿಯೇ ಇಲ್ಲ. ಇಪ್ಪತ್ತು ಎಂದಿಲ್ಲ, ಹತ್ತು ಎಂದೂ ಇಲ್ಲ. ಐದು ಜನರ ಗ್ಯಾರೇಜನ್ನೂ ಮೂರು ಜನರ ಬೇಕರಿಯನ್ನೂ ಒಳಗೆ ತರಲು ಈ ಮಾತು ಸಾಕಿತ್ತು.

ರಾಜ್ಯಗಳು ಏನು ಮಾಡಿದವು? ಅಂಗಡಿ, ಹೋಟೆಲು, ಸಿನಿಮಾ ಮಂದಿರ, ರಸ್ತೆ ಸಾರಿಗೆ, ಪತ್ರಿಕಾ ಕಚೇರಿ, ಆಮೇಲೆ ಖಾಸಗಿ ಶಾಲೆ, ಆಸ್ಪತ್ರೆ ಎಂದು ಒಂದೊಂದೇ ವರ್ಗವನ್ನು ಸೇರಿಸುತ್ತ ಬಂದವು. ಮೊದಲು ಇಪ್ಪತ್ತು ಜನರ ಮಿತಿ ಇಟ್ಟವು. ಕರ್ನಾಟಕವೂ ಸೇರಿ ಬಹುತೇಕ ರಾಜ್ಯಗಳು ಅದನ್ನು ಹತ್ತಕ್ಕೆ ಇಳಿಸಿದವು. ಅದು ಒಳ್ಳೆಯ ಕೆಲಸ, ಲಕ್ಷಾಂತರ ಮನೆಗಳಿಗೆ ಉಪಕಾರವಾದ ಕೆಲಸ. ಆದರೆ ಹತ್ತಕ್ಕೆ ಬಂದು ನಿಂತಿತು. ನಿಲ್ಲಬೇಕೆಂದು ಕಾಯ್ದೆ ಹೇಳಿರಲಿಲ್ಲ.

ಹತ್ತಕ್ಕೆ ನಿಂತರೆ ನಷ್ಟ ಯಾರಿಗೆ? ಲೆಕ್ಕ ಹಾಕಿಯೇ ನೋಡಬೇಕು. 2019ರ ಜುಲೈ 1ರಿಂದ ವಂತಿಗೆಯ ದರ ಸಂಬಳದ ಶೇ. 4: ಮಾಲೀಕರದು ಶೇ. 3.25, ಕೆಲಸಗಾರರದು ಶೇ. 0.75. ತಿಂಗಳಿಗೆ 15,000 ರೂಪಾಯಿ ಸಂಬಳದ ಟೈರ್ ಫಿಟ್ಟರ್ ಒಬ್ಬರನ್ನು ತೆಗೆದುಕೊಳ್ಳಿ. ಅವರ ಕೈಯಿಂದ ಹೋಗುವುದು 112 ರೂಪಾಯಿ 50 ಪೈಸೆ. ಮಾಲೀಕರು ಹಾಕುವುದು 487 ರೂಪಾಯಿ 50 ಪೈಸೆ. ಒಟ್ಟು 600 ರೂಪಾಯಿ. ಇದಕ್ಕೆ ಗಂಡ, ಹೆಂಡತಿ, ಮಕ್ಕಳು, ಅವರನ್ನೇ ನಂಬಿದ ತಂದೆ ತಾಯಿ ಎಲ್ಲರಿಗೂ ಚಿಕಿತ್ಸೆ. ವಯಸ್ಸು ಕೇಳುವುದಿಲ್ಲ, ಸಕ್ಕರೆ ಕಾಯಿಲೆ ಮೊದಲೇ ಇತ್ತಾ ಎಂದು ಕೇಳುವುದಿಲ್ಲ. ಖಾಸಗಿ ವಿಮೆಯವರು ಮೊದಲು ಕೇಳುವುದೇ ಈ ಎರಡು ಪ್ರಶ್ನೆ.

ಸಂಬಳದ ಪಾಲು ಅದಕ್ಕಿಂತ ದೊಡ್ಡದು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದವರಿಗೆ, ವೈದ್ಯರು ರಜೆ ಬರೆದುಕೊಟ್ಟರೆ, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ಸಿಗುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದ್ದರೆ ಶೇ. 80ರಂತೆ ಎರಡು ವರ್ಷದವರೆಗೆ. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೆ ಶೇ. 90.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಬಡವರಿಗೆ ದೊಡ್ಡ ಆಸರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ಆದರೆ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1 ಲಕ್ಷ 20 ಸಾವಿರ. ನಮ್ಮ ಟೈರ್ ಫಿಟ್ಟರ್ ವರ್ಷಕ್ಕೆ 1 ಲಕ್ಷ 80 ಸಾವಿರ ದುಡಿಯುತ್ತಾರೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಹಾಗಾಗಿ ಹತ್ತರ ಗೆರೆಯಲ್ಲೂ ಇವರು ಹೊರಗೆ, ಕಾರ್ಡಿನ ಗೆರೆಯಲ್ಲೂ ಹೊರಗೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಗೆ ಸೇರಬಹುದು. ಪೇಟೆಯ ಗ್ಯಾರೇಜಿನ ಹುಡುಗ ಎಷ್ಟು ಸಹಕಾರ ಸಂಘಗಳಲ್ಲಿ ಸದಸ್ಯ? ಈ ಯೋಜನೆಗಳಲ್ಲಿ ಯಾವುದೂ ಮಲಗಿದ ದಿನಗಳ ಸಂಬಳ ಕೊಡುವುದಿಲ್ಲ ಎಂಬುದನ್ನೂ ಮರೆಯಬಾರದು. ಆಸ್ಪತ್ರೆಯ ಬಿಲ್ಲು ಒಂದು ಸಲ ಬರುತ್ತದೆ. ಬಾಡಿಗೆ, ರೇಷನ್, ಶಾಲೆ ಫೀಸು ತಿಂಗಳು ತಿಂಗಳೂ ಬರುತ್ತವೆ.

ಆ ತಿಂಗಳುಗಳನ್ನು ಸಣ್ಣ ಅಂಗಡಿಯ ಕೆಲಸಗಾರರು ಹೇಗೆ ದಾಟುತ್ತಾರೆ ಎಂಬುದು ಅಂಗಡಿಯ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಹಾಜರಿಯ ಪಕ್ಕದಲ್ಲೇ 'ಅಡ್ವಾನ್ಸ್' ಎಂಬ ಕಾಲಂ. ಹೆಂಡತಿಯ ಹೆರಿಗೆಗೆ ಇಪ್ಪತ್ತು ಸಾವಿರ, ಅಪ್ಪನ ಕಣ್ಣಿನ ಆಪರೇಷನ್ನಿಗೆ ಹದಿನೈದು ಸಾವಿರ, ಕೆಳಗೆ ತಿಂಗಳು ತಿಂಗಳೂ ಎರಡೆರಡು ಸಾವಿರ ಕಟ್. ಆ ಅಡ್ವಾನ್ಸ್ ತೀರುವವರೆಗೆ ಕೆಲಸ ಬಿಡುವಂತಿಲ್ಲ, ಸಂಬಳ ಜಾಸ್ತಿ ಕೇಳುವಂತಿಲ್ಲ. ಅಡ್ವಾನ್ಸ್ ಕೊಡುವ ಮಾಲೀಕರಲ್ಲಿ ಹೆಚ್ಚಿನವರು ಒಳ್ಳೆಯವರೇ. ತಮ್ಮದೇ ಸಾಲದ ನಡುವೆಯೂ ಕೊಡುತ್ತಾರೆ. ಹಾಗಿದ್ದೂ ಅದು ಸಾಲವೇ, ಹಕ್ಕಲ್ಲ.

"ವಿಸ್ತರಿಸಬಹುದು"

ಅಧಿಕಾರ ಕೊಟ್ಟರು, ಕರ್ತವ್ಯ ಹೇರಲಿಲ್ಲ. ಅದಕ್ಕೇ ಹತ್ತಕ್ಕಿಂತ ಕೆಳಗೆ ಯಾರೂ ಇಳಿಯದಿದ್ದರೂ ಯಾರನ್ನೂ ಪ್ರಶ್ನಿಸುವಂತಿರಲಿಲ್ಲ.

ಈ ಉಪಕಲಮಿಗೆ 1989ರಲ್ಲಿ ಒಂದು ಪರಂತುಕ ಸೇರಿತು. ರಾಜ್ಯದ ಒಂದು ಭಾಗದಲ್ಲಿ ಒಂದು ಬಗೆಯ ಸಂಸ್ಥೆಗೆ ಕಾಯ್ದೆ ವಿಸ್ತರಣೆಯಾಗಿದ್ದರೆ, ಮತ್ತೊಂದು ಭಾಗಕ್ಕೆ ಕಾಯ್ದೆ ಕಾಲಿಟ್ಟಾಗ ಅಲ್ಲಿನ ಅದೇ ಬಗೆಯ ಸಂಸ್ಥೆಗೂ ತಾನಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಹೋಟೆಲ್ ಮಾಣಿಗೆ ಸಿಕ್ಕ ಹಕ್ಕಿಗಾಗಿ ತುಮಕೂರಿನ ಮಾಣಿ ಇನ್ನೊಂದು ಅಧಿಸೂಚನೆಗೆ ಕಾಯಬೇಕಿಲ್ಲ. ಸರಿಯಾದ ಮಾತು.

ಅದೇ ವರ್ಷ ಬಂದದ್ದು 1(6): ಒಮ್ಮೆ ಒಳಗೆ ಬಂದ ಸಂಸ್ಥೆ, ಆಮೇಲೆ ಜನ ಕಡಿಮೆಯಾದರೂ ಒಳಗೇ ಇರುತ್ತದೆ. ಕೆಲಸಗಾರರಿಗೆ ಇದು ರಕ್ಷೆ. ಆದರೆ ಹತ್ತರ ಗೆರೆಯ ಜತೆ ಸೇರಿದಾಗ ಇದೇ ಮಾತು ಕೆಲವು ಮಾಲೀಕರಲ್ಲಿ ಭಯ ಹುಟ್ಟಿಸಿತು. ಹತ್ತನೆಯವರ ಹೆಸರು ರಿಜಿಸ್ಟರಿಗೆ ಬರದಂತೆ ನೋಡಿಕೊಳ್ಳುವುದು, ಅಂಗಡಿಯನ್ನು ಅಣ್ಣನ ಹೆಸರಿಗೊಂದು ತಮ್ಮನ ಹೆಸರಿಗೊಂದು ಎಂದು ಎರಡು ಮಾಡುವುದು ಶುರುವಾಯಿತು. ಗುತ್ತಿಗೆಯವರು, ದಿನಗೂಲಿಯವರು, ವಿಮೆಯ ಸಂಬಳ ಮಿತಿಯನ್ನು ಮೀರಿದವರು ಎಲ್ಲರೂ ತಲೆ ಎಣಿಕೆಗೆ ಬರುತ್ತಾರೆ ಎಂಬುದು ಅನೇಕ ಮಾಲೀಕರಿಗೆ ಗೊತ್ತೇ ಇಲ್ಲ. ಒಂದು ಅಂಕಿಯನ್ನು ಗೋಡೆ ಮಾಡಿದಲ್ಲೆಲ್ಲ ಹೀಗೇ ಆಗುತ್ತದೆ. ಅಂಕಿ ಒಂದಾಗಿದ್ದರೆ ಅಡಗಿಸುವುದಕ್ಕೆ ಏನೂ ಇರುವುದಿಲ್ಲ.

ಸಂಬಳದ ಮಿತಿ ಎಂದೆನಲ್ಲ, ಅದನ್ನು ತಿಂಗಳಿಗೆ 21,000 ರೂಪಾಯಿ ಎಂದು ನಿಗದಿ ಮಾಡಿದ್ದು 2017ರ ಜನವರಿ 1ರಿಂದ. ನುರಿತ ಮೆಕ್ಯಾನಿಕ್ ಈಗ ಅದಕ್ಕಿಂತ ಹೆಚ್ಚು ಕೇಳುತ್ತಾರೆ, ಕೇಳಬೇಕು ಕೂಡ.

ಮಾಲೀಕರ ಕಡೆಯಿಂದ ಓದಿದರೆ

ಸಣ್ಣ ಮಾಲೀಕರಿಗೆ ಇದೊಂದು ಹೊರೆ ಎಂದು ಹೇಳುವುದು ವಾಡಿಕೆ. ಆರು ಜನರಿಗೆ ತಲಾ 487 ರೂಪಾಯಿ 50 ಪೈಸೆ ಎಂದರೆ ತಿಂಗಳಿಗೆ 2,925 ರೂಪಾಯಿ. ಸಣ್ಣ ಅಂಗಡಿಗೆ ಇದು ದೊಡ್ಡ ಮೊತ್ತವೇ. ಆದರೆ ಇದಿಲ್ಲದಿದ್ದರೆ ಅವರ ತಲೆಯ ಮೇಲೆ ತೂಗುವ ಕತ್ತಿಯ ಬಗ್ಗೆ ಯಾರೂ ಹೇಳುವುದಿಲ್ಲ. ಕೆಲಸದಲ್ಲಿ ಅಪಘಾತವಾದರೆ ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಷ್ಟು ಹಳೆಯದು. ಕರೆಂಟಿನಿಂದ ಯಂತ್ರ ಓಡಿಸುವ ರಿಪೇರಿ ಶಾಪಿಗೆ ಅದು ಅನ್ವಯಿಸಲು ಹತ್ತು ಜನ ಬೇಕಿಲ್ಲ, ಒಬ್ಬರಿದ್ದರೂ ಸಾಕು. ಅದರ ಲೆಕ್ಕ ಹೀಗಿದೆ: ಮೃತಪಟ್ಟವರ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಮೂವತ್ತು ವರ್ಷಕ್ಕೆ ಆ ಗುಣಕ 207.98. ಸಂಬಳ 15,000 ಆಗಿದ್ದರೆ ಪರಿಹಾರ 15 ಲಕ್ಷ 59 ಸಾವಿರದ 850 ರೂಪಾಯಿ. ಜಾಕ್ ಜಾರಿ ಲಾರಿ ಮೈಮೇಲೆ ಬಿದ್ದ ಒಂದು ಮಧ್ಯಾಹ್ನ, ಆರು ಜನರ ಗ್ಯಾರೇಜು ಇಷ್ಟು ಹಣವನ್ನು ಎಲ್ಲಿಂದ ತರಬೇಕು? ಸತ್ತವರ ಮನೆಯೂ ಹಾಳು, ಮಾಲೀಕರ ಮನೆಯೂ ಹಾಳು. ಇಎಸ್‌ಐ ಇದ್ದಿದ್ದರೆ ಅವಲಂಬಿತರಿಗೆ ನಿಗಮದಿಂದ ಪಿಂಚಣಿ ಹೋಗುತ್ತಿತ್ತು, ಮಾಲೀಕರ ಮೇಲೆ ಈ ಪರಿಹಾರದ ಬಾಧ್ಯತೆ ಬರುತ್ತಿರಲಿಲ್ಲ. ಬಟವಾಡಿಯ ಮಾಲೀಕರು ಈ ಒಂದು ಲೆಕ್ಕವನ್ನು ತಮ್ಮ ಅಕೌಂಟೆಂಟ್ ಹತ್ತಿರ ಒಮ್ಮೆ ಹಾಕಿಸಿ ನೋಡಲಿ ಎಂಬುದು ನನ್ನ ಆಸೆ.

ಇನ್ನು 1948ರ ಇಎಸ್‌ಐ ಕಾಯ್ದೆಯಂತೆ ವಂತಿಗೆಯನ್ನು ಮೊದಲು ಮಾಲೀಕರೇ ಕಟ್ಟಬೇಕು (ಕಲಮು 40), ಅದರ ನೆಪದಲ್ಲಿ ಸಂಬಳ ಇಳಿಸಬಾರದು (ಕಲಮು 72), ಕಾಯಿಲೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯಬಾರದು (ಕಲಮು 73). ಇವಕ್ಕೆ ಹೆಚ್ಚಿನ ವಿವರಣೆ ಬೇಡ.

ಈಗ ಪಠ್ಯವೇ ಬದಲಾಗಿದೆ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿತು. ಅದರ ಮೊದಲ ಅನುಸೂಚಿಯಲ್ಲಿ ಇಎಸ್‌ಐ ಬಗ್ಗೆ ಇರುವ ಸಾಲಿನ ಭಾವ ಹೀಗೆ:

"ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ, ಹಂಗಾಮಿ ಕಾರ್ಖಾನೆಯಲ್ಲದ ಎಲ್ಲ ಸಂಸ್ಥೆಗಳಿಗೆ, ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸವಾದರೆ ಒಬ್ಬರಿದ್ದರೂ."

ಇದರಲ್ಲಿ ಮೆಚ್ಚುವಂಥದ್ದು ಕೊನೆಯ ಮಾತು. ಒಬ್ಬರೇ ಇದ್ದರೂ ವಿಮೆ ಕೊಡಲು ಸಾಧ್ಯ ಎಂದು ಕಾನೂನೇ ಒಪ್ಪಿಕೊಂಡಿದೆ. ಹಾಗಾದರೆ ಆರು ಜನರ ಅಂಗಡಿಗೆ ಕೊಡಲು ಆಡಳಿತಕ್ಕೆ ಕಷ್ಟ ಎಂಬ ಹಳೆಯ ವಾದಕ್ಕೆ ಇನ್ನು ಬೆಲೆ ಎಲ್ಲಿದೆ? ಮೆಚ್ಚಲಾಗದ್ದು, ಹತ್ತು ಎಂಬುದು ಈಗ ಸಂಹಿತೆಯಲ್ಲೇ ಅಚ್ಚಾಗಿ ಕೂತದ್ದು. ರಾಜ್ಯಪತ್ರದ ಒಂದು ಅಧಿಸೂಚನೆಯಿಂದ ಹೊಸ ವರ್ಗವನ್ನು ಸೇರಿಸಲು ರಾಜ್ಯಕ್ಕಿದ್ದ 1(5)ರ ಅಧಿಕಾರ ಹಳೆಯ ರೂಪದಲ್ಲಿ ಉಳಿದಿಲ್ಲ.

ಸಂಹಿತೆ ಇನ್ನೊಂದು ದಾರಿ ಕೊಟ್ಟಿದೆ: ಹತ್ತಕ್ಕಿಂತ ಕಡಿಮೆ ಜನರಿದ್ದರೂ, ಮಾಲೀಕರು ಮತ್ತು ಕೆಲಸಗಾರರಲ್ಲಿ ಬಹುಮತದವರು ಒಪ್ಪಿ ಕೇಳಿದರೆ ಆ ಸಂಸ್ಥೆಗೆ ಇಎಸ್‌ಐ ಅನ್ವಯಿಸಬಹುದು. ಇದು ಸ್ವಂತ ಇಚ್ಛೆಯ ದಾರಿ. ತಿಳಿದ ಮಾಲೀಕರು ಇದರಲ್ಲಿ ಹೋಗಬಹುದು, ಹೋಗಲಿ. ಆದರೆ ಮಾಲೀಕರ ಒಪ್ಪಿಗೆಯ ಮೇಲೆ ನಿಂತದ್ದನ್ನು ಎಂಟು ಜನರ ಅಂಗಡಿಯ ಕೆಲಸಗಾರರು ಬಾಯಿಬಿಟ್ಟು ಕೇಳುವುದು ಸುಲಭವಲ್ಲ.

ಹಾಗಾದರೆ ರಾಜ್ಯದ ಕೈ ಕಟ್ಟಿಹೋಯಿತೇ? ಇಲ್ಲ. ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ ಸಂವಿಧಾನದ ಸಮವರ್ತಿ ಪಟ್ಟಿಯ 23ನೇ ನಮೂದು. ರಾಜ್ಯವೂ ಶಾಸನ ಮಾಡಬಹುದು. ಕೇಂದ್ರದ ಕಾನೂನಿಗೆ ಎಲ್ಲಾದರೂ ತಾಕಿದರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಗೀಕಾರ ಪಡೆಯಬಹುದು. ಕರ್ನಾಟಕಕ್ಕೆ ಇದು ಹೊಸದಲ್ಲ. ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ 1965ರದು. 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ಬಂದಿತು. ವಾಹನ ತೆರಿಗೆಯ ಮೇಲಿನ ಉಪಕರದಿಂದ ನಿಧಿ ಕಟ್ಟಿ, ಚಾಲಕರ ಜತೆಗೆ ಗ್ಯಾರೇಜಿನ ಮೆಕ್ಯಾನಿಕ್, ಪಂಕ್ಚರ್ ಹಾಕುವವರನ್ನೂ ಸೇರಿಸಿಕೊಂಡಿತು. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಯಾಗುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು ಎಂದಿತು. ಊಟ ತಲುಪಿಸುವ ಹುಡುಗನಿಗೆ ಕಾನೂನು ಬರೆದ ರಾಜ್ಯ, ಆ ಊಟ ಬೇಯಿಸುವ ಆರು ಜನರ ಅಡುಗೆಮನೆಗೂ ಬರೆಯಬಲ್ಲದು.

ಹೊರಗಿನ ಉದಾಹರಣೆ ಬೇಕಾದರೆ ಅಮೆರಿಕದ ಹವಾಯಿ ರಾಜ್ಯವಿದೆ. ಅಲ್ಲಿನ ಶಾಸನಸಭೆ 1974ರಲ್ಲೇ ಒಂದು ಕಾಯ್ದೆ ಮಾಡಿತು: ವಾರಕ್ಕೆ 20 ಗಂಟೆ ದುಡಿಯುವ ಪ್ರತಿ ಕೆಲಸಗಾರರಿಗೂ ಮಾಲೀಕರು ಆರೋಗ್ಯ ವಿಮೆ ಕೊಡಬೇಕು, ಒಬ್ಬರೇ ಕೆಲಸಗಾರರಿದ್ದರೂ ಬಿಡುವಂತಿಲ್ಲ. ಕೆಲಸಗಾರರ ಪಾಲು ಸಂಬಳದ ಶೇ. 1.5 ಮೀರುವಂತಿಲ್ಲ. 2010ರಲ್ಲಿ ಬಂದ ಆ ದೇಶದ ಒಕ್ಕೂಟ ಕಾನೂನು ಇದೇ ಹೊಣೆಯನ್ನು ಹೊರಿಸಿದ್ದು 50 ಜನರಿರುವ ಸಂಸ್ಥೆಗಳ ಮೇಲೆ ಮಾತ್ರ. ಚಿಕ್ಕ ರಾಜ್ಯವೊಂದು ಇಡೀ ದೇಶಕ್ಕಿಂತ ಮುಂದೆ ಹೋಗಿತ್ತು.

ಹಮಾಲಿಗಳ ಮಾತು ಹೇಳದೆ ಬಟವಾಡಿಯ ವ್ಯಾಖ್ಯಾನ ಮುಗಿಯುವುದಿಲ್ಲ. ಯಾರ್ಡಿನಲ್ಲಿ ಹುಣಸೆಹಣ್ಣಿನ ಮೂಟೆಯನ್ನೋ ರಾಗಿ ಚೀಲವನ್ನೋ ಬೆನ್ನಿಗೇರಿಸಿಕೊಂಡು ಹೋಗುವವರಿಗೆ ಕೂಲಿ ಚೀಲದ ಲೆಕ್ಕದಲ್ಲಿ, ಇವತ್ತು ಒಂದು ಮಂಡಿ, ನಾಳೆ ಇನ್ನೊಂದು. ಅವರು ಯಾವ ಮಂಡಿಯ ರಿಜಿಸ್ಟರಿನಲ್ಲೂ ಇಲ್ಲ. ಹತ್ತನ್ನು ಒಂದಕ್ಕೆ ಇಳಿಸಿದರೂ ಅವರಿಗೆ ಮಾಲೀಕರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ರಾಜ್ಯದ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆಯ ಸ್ಮಾರ್ಟ್ ಕಾರ್ಡಿಗೆ ಹಮಾಲಿಗಳೂ ಅರ್ಹರು, ಅದು ಒಂದು ಆರಂಭ. ಮುಂದಿನ ಶಾಸನದಲ್ಲಿ ಅವರ ವಂತಿಗೆಯನ್ನು ಯಾರ್ಡಿನ ವಹಿವಾಟಿನ ಮೇಲೇ ಹಾಕಬೇಕು. ಗಿಗ್ ಕಾಯ್ದೆ ಕಂಪನಿಗಳ ವಹಿವಾಟಿನ ಮೇಲೆ ಹಾಕಿದ್ದು ಇದೇ ಬಗೆಯಲ್ಲಿ.

ಒಂದು ಆಕ್ಷೇಪಕ್ಕೆ ನೇರ ಉತ್ತರ ಕೊಡಬೇಕು. 'ಇಎಸ್‌ಐ ದುಡ್ಡು ತಿಂಗಳಿಗೆ ಸರಿಯಾಗಿ ಕಟ್ ಆಗುತ್ತೆ, ಆಸ್ಪತ್ರೆಗೆ ಹೋದರೆ ಮಾತ್ರೆ ಬಿಟ್ಟು ಇನ್ನೇನೂ ಸಿಗಲ್ಲ' ಎಂದು ಈಗಾಗಲೇ ಒಳಗಿರುವ ಕೆಲಸಗಾರರೇ ಹೇಳುತ್ತಾರೆ. ದೊಡ್ಡ ಕಾಯಿಲೆಗೆ ತುಮಕೂರಿನಿಂದ ಪೀಣ್ಯಕ್ಕೋ ರಾಜಾಜಿನಗರಕ್ಕೋ ಓಡಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು ಎಲ್ಲ ಮೇಲೆ ಬೀಳುತ್ತದೆ. ಈ ದೂರು ನ್ಯಾಯವಾದದ್ದು. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಗಳಲ್ಲಿ ಇಷ್ಟು ಕೈಗಾರಿಕೆ ಇರುವ, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವ ಜಿಲ್ಲೆಯ ಕೆಲಸಗಾರರಿಗೆ ದೊಡ್ಡ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು. ಆದರೆ ಚಿಕಿತ್ಸಾಲಯ ಸರಿಯಿಲ್ಲ ಎಂಬುದು ಜನರನ್ನು ಹೊರಗಿಡಲು ಕಾರಣವಾಗಬಾರದು. ಜನ ಹೆಚ್ಚಿದರೆ ವಂತಿಗೆ ಹೆಚ್ಚುತ್ತದೆ, ವಂತಿಗೆ ಹೆಚ್ಚಿದ ಊರು ಗಟ್ಟಿಯಾಗಿ ಕೇಳುತ್ತದೆ.

ತುಮಕೂರು ನಗರ ಮತ್ತು ಗ್ರಾಮಾಂತರ, ಗುಬ್ಬಿ, ಕುಣಿಗಲ್ ಕ್ಷೇತ್ರಗಳ ಶಾಸಕರಲ್ಲಿ ನನ್ನ ಕೋರಿಕೆ ಇದು: ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಗ್ಯಾರೇಜು, ಹೋಟೆಲುಗಳ ಕೆಲಸಗಾರರಿಗಾಗಿ ಒಂದು ಮಸೂದೆಯನ್ನು ಮುಂದಿನ ಅಧಿವೇಶನದಲ್ಲಿ ಕೇಳಿ. ಮೊದಲ ಮೂರು ವರ್ಷ ಸಣ್ಣ ಮಾಲೀಕರ ಪಾಲಿನ ಅರ್ಧವನ್ನು ಸರ್ಕಾರವೇ ಭರಿಸಲಿ. ಬಟವಾಡಿಯ ಅಂಗಡಿಯವರಿಗೂ ಒಂದು ಮಾತು: ಮಸೂದೆಗಾಗಿ ಕಾಯಬೇಡಿ. ನಿಮ್ಮಲ್ಲಿ ಆರು ಜನರಿದ್ದರೆ ನಾಲ್ಕು ಜನರ ಒಪ್ಪಿಗೆ, ಜತೆಗೆ ನಿಮ್ಮದು. ಅಷ್ಟನ್ನು ಇಟ್ಟುಕೊಂಡು ಇವತ್ತೇ ನಿಗಮಕ್ಕೆ ಅರ್ಜಿ ಹಾಕಬಹುದು.